ಶಾಲೆ ಮುಚ್ಚಿದಾಗ ಊಟ ಮನೆಗೆ ಮುಟ್ಟಿಸಿದೆವು

ಮೊದಲ ದಿನ ಅಡುಗೆ ಮಾಡಿಯೇ ಕಳಿಸಿದೆವು. ಅದೇ ತಪ್ಪಾಯಿತು. 64 ಮಕ್ಕಳ ಮನೆ ಸುತ್ತಿ ಬರಲು ಮೂರು ಗಂಟೆ ಹಿಡಿಯಿತು. ಕೊನೆಯ ಮನೆಗಳಿಗೆ ಹೋಗುವ ಹೊತ್ತಿಗೆ ಊಟ ಆರಿ, ವಾಸನೆ ಬದಲಾಗಿತ್ತು. ಕೊಡದೆ ವಾಪಸ್ ತಂದೆವು. ಬಾಗಿಲಲ್ಲಿ ತಟ್ಟೆ ಹಿಡಿದು ನಿಂತಿದ್ದ ಮಕ್ಕಳ ಮುಖ ಇನ್ನೂ ಕಣ್ಣ ಮುಂದಿದೆ.

ಬಿಸಿ ಊಟ 60 ಡಿಗ್ರಿಗಿಂತ ಕೆಳಗೆ ಇಳಿದರೆ ಅದರಲ್ಲಿ ರೋಗಾಣುಗಳು ಬೇಗ ಬೆಳೆಯುತ್ತವೆ. ಆರಿದ ಊಟವನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗಿಡಬಾರದು. ಇದು ನನಗೆ ಗೊತ್ತಿದ್ದ ವಿಷಯವೇ. ದಾರಿಯ ಸಮಯವನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಹಾಗಾಗಿ ಒಣ ಪದಾರ್ಥಕ್ಕೆ ಬಂದೆವು. ಒಂದು ಮಗುವಿಗೆ ಹೊತ್ತಿಗೆ 100 ಗ್ರಾಂ ಧಾನ್ಯ ಅಂತ ಹಿಡಿದರೆ, 12 ಶಾಲಾ ದಿನಕ್ಕೆ 1 ಕಿಲೋ 200 ಗ್ರಾಂ. ಜೊತೆಗೆ ಬೇಳೆ, ಎಣ್ಣೆ. ಎಲ್ಲವನ್ನೂ ತೂಗಿ, ಚೀಲದ ಮೇಲೆ ಮಗುವಿನ ಹೆಸರು ಬರೆದೆವು. ಒಲೆ ಹಚ್ಚಲು ಅನುಕೂಲವಿಲ್ಲದ ಐದು ಮನೆಗಳಿದ್ದವು. ಎಲ್ಲವೂ ಶಾಲೆಯ ಹತ್ತಿರವೇ. ಅಲ್ಲಿಗೆ ಮಾತ್ರ ಬಿಸಿ ಊಟ ಮುಂದುವರಿಸಿದೆವು.

ಹಾಜರಿ ಪುಸ್ತಕದ ವಿಳಾಸ ಹಿಡಿದು ಹೊರಟರೆ ಕೆಲವರ ಮನೆಯೇ ಸಿಗಲಿಲ್ಲ. ಬಾಡಿಗೆ ಮನೆ ಬದಲಾಯಿಸಿದ್ದರು, ಫೋನ್ ನಂಬರೂ ಹಳೆಯದು. ಹುಡುಕಿಕೊಟ್ಟವರು ಮಕ್ಕಳೇ! ಯಾರು ಅಜ್ಜಿ ಮನೆಗೆ ಹೋಗಿದ್ದಾರೆ, ಯಾರ ಮನೆ ಯಾವ ಓಣಿಗೆ ಬದಲಾಗಿದೆ, ಎಲ್ಲವೂ ಅವರಿಗೆ ಗೊತ್ತಿತ್ತು. ಅಂದಿನಿಂದ ಪಟ್ಟಿಯನ್ನು ತರಗತಿವಾರು ಬಿಟ್ಟು ಓಣಿವಾರು ಬರೆದೆವು. ಸುತ್ತಾಟ ಅರ್ಧಕ್ಕರ್ಧ ಇಳಿಯಿತು.

ಇನ್ನೊಂದು ಮಾತು. ಮನೆಗೆ ಕೊಟ್ಟ ಧಾನ್ಯ ಮನೆಯವರಿಗೆಲ್ಲ ಹಂಚಿಹೋಗುತ್ತದೆ. ಹಸಿದ ಮನೆಯಲ್ಲಿ ಅದು ಸಹಜ ಅಲ್ವಾ? ತಾಯಂದಿರನ್ನು ಅದಕ್ಕಾಗಿ ದೂರುವುದು ನನಗೆ ಸರಿ ಕಾಣಲಿಲ್ಲ. ಶಾಲೆಗೆ ಸೇರದ ಚಿಕ್ಕ ತಮ್ಮ ತಂಗಿಯರಿದ್ದ ಕಡೆ ದಾನಿಗಳಿಂದ ಪಡೆದು ಇನ್ನೊಂದು ಪಾಲು ಸೇರಿಸಿದೆವು. ಬೇಯಿಸದೆ ತಿನ್ನಬಹುದಾದ ಒಂದು ಪೊಟ್ಟಣವನ್ನು ಮಗುವಿನ ಕೈಗೇ ಕೊಟ್ಟೆವು.

ಚೀಲ ಇಟ್ಟು ಸುಮ್ನೆ ಬರುತ್ತಿರಲಿಲ್ಲ. ಮಗುವನ್ನು ಹೊರಗೆ ಕರೆಯುತ್ತಿದ್ದೆವು. ದೂರದಲ್ಲೇ ನಿಂತು, ನಿನ್ನೆ ಏನು ತಿಂದೆ ಅಂತ ಕೇಳುತ್ತಿದ್ದೆವು. ಮೂರನೇ ಸುತ್ತಿನಲ್ಲಿ ಇಬ್ಬರು ತುಂಬಾ ಸೊರಗಿದ್ದು ಕಂಡಿತು. ಅವತ್ತೇ ಆರೋಗ್ಯ ಕಾರ್ಯಕರ್ತೆಗೆ ತಿಳಿಸಿ, ಆ ಎರಡು ಮನೆಗೆ ವಾರಕ್ಕೊಮ್ಮೆ ಹೋಗಲು ಶುರು ಮಾಡಿದೆವು.