ಮಳೆಗಾಲ ತಡೆದ ಹಳೇ ಸೋಫಾ: ನನ್ನ ಅನುಭವ

ನಾಲ್ಕನೇ ಮಳೆಗಾಲ ಮುಗೀತು, ಸೋಫಾಕ್ಕೆ ಬೂಷ್ಟು ಬಂದಿಲ್ಲ. ಬರೀತಿರೋದು ಅದಕ್ಕೇ. ಗುಜರಿ ಸಾಮಾನು ಮನೆಗೆ ತಂದ ಅಂತ ನಕ್ಕವರಲ್ಲಿ ಇಬ್ರು ಈಗ "ಅಂಥದ್ದು ಇನ್ನೊಂದು ಸಿಗುತ್ತಾ" ಅಂತ ಫೋನ್ ಮಾಡ್ತಿದಾರೆ, ಅದಕ್ಕೂ ಹೌದು.

ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರಿಲಿ. ಆಗುಂಬೆಲಿ ವರ್ಷಕ್ಕೆ 7000 ಮಿಲಿಮೀಟರ್ ಮೇಲೆ ಮಳೆ ಬೀಳುತ್ತೆ, ನಮ್ಮಲ್ಲಿ ಅದಕ್ಕಿಂತ ಕಮ್ಮಿ ಇರಬಹುದು, ಆದ್ರೆ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮು ಯಾವುದಕ್ಕೂ ಅದು ಲೆಕ್ಕಕ್ಕಿಲ್ಲ. ಇದೆಲ್ಲ ಗೊತ್ತಿದ್ದೂ ಮನೆ ರಿಪೇರಿ ಮಾಡಿಸಿದ ವರ್ಷ ಶಿವಮೊಗ್ಗದ ಒಂದು ಶೋರೂಮಿಂದ ಎಲ್ ಶೇಪಿನ ಡಿಸೈನರ್ ಸೋಫಾ ತಂದೆ. 68 ಸಾವಿರ. ಮೊದಲನೇ ಮಳೆಗಾಲಕ್ಕೆ ವಾಸನೆ, ಎರಡನೇದಕ್ಕೆ ಹಿಂಭಾಗದಲ್ಲಿ ಹಸಿರು, ಲೆದರ್ ತರದ ಆ ರೆಕ್ಸಿನ್ನು ದೋಸೆ ಎದ್ದ ಹಾಗೆ ಎದ್ದು ಬಂತು. ಅಂಗಡಿಗೆ ಹೋದ್ರೆ ಫಂಗಸ್ಸಿಗೆ ವಾರಂಟಿ ಇಲ್ಲ ಸಾರ್ ಅಂದ್ರು, ಬಿಲ್ಲಿನ ಹಿಂದೆ ಇರುವೆ ಸಾಲಿನಷ್ಟು ಸಣ್ಣಕ್ಷರದಲ್ಲಿ ಅದನ್ನ ಬರೆದೂ ಇತ್ತು.

ಆಮೇಲೆ ವಿಂಟೇಜ್ ಹುಚ್ಚು ಹಿಡೀತು. ಆನ್‌ಲೈನಲ್ಲಿ ನೋಡಿ 22 ಸಾವಿರಕ್ಕೆ ಒಂದು ಚೆಸ್ಟರ್‌ಫೀಲ್ಡ್ ತಗೊಂಡೆ, ಅದೇ ಕೈಯೂ ಬೆನ್ನೂ ಒಂದೇ ಎತ್ತರ ಇದ್ದು ಮೈತುಂಬಾ ಗುಂಡಿ ಒತ್ತಿರುತ್ತಲ್ಲ ಅದು. ಇಂಗ್ಲೆಂಡಲ್ಲಿ ಬೆಂಕಿ ಗೂಡಿನ ಪಕ್ಕ ಇಡೋ ಸಾಮಾನು ಮಾರಾಯ್ರೆ, ನಮ್ಮಲ್ಲಿ ಒಂದೊಂದು ಗುಂಡಿ ಗುಳಿನೂ ಬೂಷ್ಟು ಬೆಳೆಯೋ ಪಾತಿ. ಕೆಳಗಿನ ಬಟ್ಟೆ ಹರಿದು ನೋಡಿದ್ರೆ ಒಳಗೆ ಪ್ಯಾಕಿಂಗ್ ಪೆಟ್ಟಿಗೆ ಹಲಗೆ, ಸ್ಟೇಪ್ಲರ್ ಪಿನ್ನು. ಅವತ್ತಿಂದ ಒಂದು ಅಭ್ಯಾಸ ಆಯ್ತು: ಯಾವ ಸೋಫಾನೂ ಮೊದಲು ಕೂತು ನೋಡಲ್ಲ, ಮಗುಚಿ ನೋಡ್ತೀನಿ. ಮಗುಚೋಕೆ ಬಿಡದ ಅಂಗಡಿಯಿಂದ ಎದ್ದು ಬರ್ತೀನಿ.

ಅಷ್ಟರಲ್ಲಿ ಬೆಂಗಳೂರಲ್ಲಿರೋ ನಮ್ಮ ಭಾವ ಒಂದು ಫೋಟೋ ಕಳಿಸಿದ್ರು. ಚಂಡೀಗಢ ಮಾಡೆಲ್, ಮೂರು ಸೀಟಿಂದು, 1 ಲಕ್ಷದ 40 ಸಾವಿರ, ಅದೂ ಕಾಪಿ. ಒರಿಜಿನಲ್ ಕತೆ ನಿಮಗೆ ಗೊತ್ತಿರುತ್ತೆ, 1950ರ ದಶಕದಲ್ಲಿ ಚಂಡೀಗಢ ಕಟ್ಟುವಾಗ ಆರ್ಕಿಟೆಕ್ಟ್ ಲೆ ಕಾರ್ಬೂಸಿಯೆ ಜೊತೆ ಬಂದಿದ್ದ ಅವರ ಕಸಿನ್ ಪಿಯರ್ ಜನ್ನೆರೆ ಸರ್ಕಾರಿ ಆಫೀಸಿಗೆ ಅಂತ ಮಾಡಿಸಿದ್ದು, ಮುಂದೆ ಅದೇ ಆಫೀಸಿನವರು ಗುಜರಿಗೆ ಹಾಕಿದ್ದು ಈಗ ವಿದೇಶದ ಹರಾಜಲ್ಲಿ ಲಕ್ಷಗಟ್ಟಲೆಗೆ ಹೋಗುತ್ತೆ. ಫೋಟೋ ದೊಡ್ಡದು ಮಾಡಿ ನೋಡಿದೆ. ಸಾಗುವಾನಿ, ಬೆತ್ತ. ಅಷ್ಟೇ. ಕಾಲು ಮಾತ್ರ ವಿ ಆಕಾರದಲ್ಲಿದೆ, ಬಾಕಿ ನಮ್ಮ ಅಜ್ಜನ ಜಗಲಿಲಿ ಇದ್ದಿದ್ದೇ. ಗಾಳಿ ಆಡೋ ಸೀಟು, ಬಿಚ್ಚಿ ಜೋಡಿಸೋಕೆ ಬರೋ ಫ್ರೇಮು, ನಮ್ಮ ಮಳೆಗೆ ಬೇಕಾಗಿದ್ದೂ ಇದೇ ಅಲ್ವಾ ಅಂತ ತಲೆಗೆ ಹೋಯ್ತು.

ಎಂಟು ತಿಂಗಳು ಹುಡುಕಿದೆ. ಕೊನೆಗೆ ಶಿವಮೊಗ್ಗದ ಹತ್ರ ಒಂದು ಮನೇಲಿ ಸಿಕ್ತು, ಮೂರು ಸೀಟಿಂದು ಒಂದು, ಒಂಟಿ ಎರಡು. ಶರಾವತಿ ಮುಳುಗಡೆಲಿ ಊರು ಬಿಟ್ಟು ಬಂದ ಕುಟುಂಬ, ಲಿಂಗನಮಕ್ಕಿ ಡ್ಯಾಮ್ ಮುಗಿದಿದ್ದು 1964ರಲ್ಲಿ, ಅಂದ್ರೆ ಅಲ್ಲಿಂದ ತಂದ ಸೋಫಾಕ್ಕೆ ಕಮ್ಮಿ ಅಂದ್ರೂ ಅರವತ್ತು ವರ್ಷ. ಮನೆ ಕೆಡವಿ ಹೊಸದು ಕಟ್ಟಿಸ್ತಿದ್ರು. 45 ಸಾವಿರ ಹೇಳಿದ್ರು, 31ಕ್ಕೆ ಮುಗೀತು, ಮೇಲಿಂದ ಒಂದು ಟೀಪಾಯೂ ಕೊಟ್ರು. ಗೂಡ್ಸ್ ಆಟೋದಲ್ಲಿ ಇಳಿಸುವಾಗ ಅಪ್ಪಯ್ಯ ಹೊರಗೆ ಬಂದು ನೋಡಿ, "ಎಂತದು ಮಾರಾಯಾ, ದುಡ್ಡು ಕೊಟ್ಟು ಸೌದೆ ತಂದ್ಯಾ?" ಅಂದ್ರು.

ಬೀಟೆ ಅಂತ ಹೇಳಿ ಮಾರೋದರಲ್ಲಿ ಎಷ್ಟೋ ಬಣ್ಣ ಹೊಡೆದ ಅಕೇಶಿಯಾ. ಸೀಟಿನ ಅಡಿಗೆ ಥಿನ್ನರ್ ಅದ್ದಿದ ಹತ್ತಿಲಿ ಒರೆಸಿ, ಹತ್ತಿ ಕಾಫಿ ಬಣ್ಣಕ್ಕೆ ತಿರುಗಿದ್ರೆ ಅನುಮಾನ ಪಡಬೇಕು. (ಅಸಲಿ ಬೀಟೆಯೂ ಥಿನ್ನರಿಗೆ ಬಣ್ಣ ಬಿಡಬಹುದು, ಇದೊಂದನ್ನೇ ನಂಬಬೇಡಿ. ಹಳೇ ಪಾಲಿಶೂ ಸ್ವಲ್ಪ ಬಣ್ಣ ಬಿಡುತ್ತೆ, ಅದಕ್ಕೇ ಪಾಲಿಶ್ ಹೊಡೀದೇ ಇರೋ ಅಡಿಭಾಗದಲ್ಲೇ ಒರೆಸಬೇಕು.) ನನ್ನದರಲ್ಲಿ ಕಾಲು, ಕೈ ಬೀಟೆ, ಒಳಗಿನ ಅಡ್ಡಪಟ್ಟಿ ಸಾಗುವಾನಿ. ಬೀಟೆ ಗುರುತಿಸೋಕೆ ನಮ್ಮ ಮರಗೆಲಸದ ಆಚಾರ್ರು ಇನ್ನೊಂದು ಉಪಾಯ ಹೇಳ್ಕೊಟ್ಟಿದಾರೆ, ಅದನ್ನ ಇಲ್ಲಿ ಬರೆಯಲ್ಲ, ಮಾರೋರೂ ಓದ್ತಾರೆ. ಕುಟ್ಟೆ ಹುಳದ ತೂತು ಇದ್ರೆ ಹೆದರಬೇಡಿ, ಅಡಿಗೆ ಕಪ್ಪು ಬಟ್ಟೆ ಹಾಸಿ ಒಂದು ರಾತ್ರಿ ಬಿಡಿ, ಬೆಳಿಗ್ಗೆ ಹೊಸ ಪುಡಿ ಬಿದ್ದಿದ್ರೆ ಹುಳ ಜೀವಂತ ಇರಬಹುದು, ಬೀಳಲಿಲ್ಲ ಅಂದ್ರೆ ಸತ್ತಿದೆ ಅಂತ ಗ್ಯಾರಂಟಿ ಏನಿಲ್ಲ.

ಈಗ ನನ್ನ ದಡ್ಡತನ. ತಂದಿದ್ದು ಜೂನ್ ಕೊನೆಲಿ, ತಡ್ಕೊಳ್ಳೋಕಾಗದೆ ಪುನರ್ವಸು ಮಳೆ ಹೊಯ್ಯುವಾಗಲೇ ಅರಗಿನ ಪಾಲಿಶ್ (ಸ್ಪಿರಿಟ್ಟಲ್ಲಿ ಅರಗು ಕರಗಿಸಿದ್ದು) ಹೊಡೆಸಿದೆ. ಆಚಾರ್ರು ಬೇಡ ಅಂದ್ರು, ಕೇಳಲಿಲ್ಲ. ಮಧ್ಯಾಹ್ನ ಕನ್ನಡಿ ಹಾಗೆ ಹೊಳೀತಿತ್ತು, ಸಂಜೆ ಹೊತ್ತಿಗೆ ಹಾಲು ಚೆಲ್ಲಿದ ಹಾಗೆ ಇಡೀ ಮೈ ಬಿಳಚಿಕೊಂಡಿತು. ಸ್ಪಿರಿಟ್ ಆರುವಾಗ ಗಾಳಿಲಿರೋ ತೇವ ಪಾಲಿಶ್ ಒಳಗೇ ಸಿಕ್ಕಿಕೊಳ್ಳುತ್ತೆ. ಪಾಲಿಶು, ಕೂಲಿ ಸೇರಿ ನಾಲ್ಕು ಸಾವಿರ ನೀರುಪಾಲು. ಎಲ್ಲ ಕೆರೆದು ಅಟ್ಟಕ್ಕೆ ಹಾಕಿದ್ವಿ, ಒಲೆ ಮೇಲಿನ ಅಟ್ಟ, ದೀಪಾವಳಿ ತನಕ ಅಲ್ಲೇ ಹೊಗೆ ಕುಡೀತು. ಹಾಗೆ ನೋಡಿದ್ರೆ ಅದೇ ಒಳ್ಳೇದಾಯ್ತು ಅನ್ಸುತ್ತೆ, ಮರ ಪೂರ್ತಿ ಆರಿದ ಮೇಲೆ ಯಾವ ಜಾಯಿಂಟ್ ಸಡಿಲ ಇದೆ ಅಂತ ತಾನಾಗೇ ತೋರಿಸ್ತು.

ಆ ಮಧ್ಯೆ ಟೀಪಾಯ್ ಮೇಲೆ ಪ್ರಯೋಗ ನಡೀತು. ಅಗಸೆ ಎಣ್ಣೆ ಹಸಿದೇ ಹಚ್ಚಿದೆ, ಯಾರೋ ನ್ಯಾಚುರಲ್ ಅಂದಿದ್ರು. ಮೂರು ವಾರಕ್ಕೆ ಬೂಷ್ಟು, ಎಣ್ಣೆನೇ ಅದಕ್ಕೆ ಊಟ. ಸೋಫಾ ಕಾಲಿನ ಬುಡಕ್ಕೆ ಒರಲೆ ಹತ್ತದ ಹಾಗೆ ಘಟ್ಟದ ಕೆಳಗಿಂದ ಗೇರು ಎಣ್ಣೆ (ಗೇರುಬೀಜದ ಸಿಪ್ಪೆಯದ್ದು) ತರಿಸಿ ಹಚ್ಚಿದೆ, ಅದು ಮಾತ್ರ ಗೆದ್ದಿದೆ. ಆದ್ರೆ ಗ್ಲೌಸ್ ಹಾಕದೆ ಹಚ್ಚಿ ಎರಡು ಬೆರಳಿನ ಚರ್ಮ ಕಿತ್ತು ಬಂತು, ಒಂದು ವಾರ ಎಡಗೈಲಿ ಊಟ.

ಫೆಬ್ರವರಿಲಿ ಅಡಿಕೆ ಅಂಗಳದಲ್ಲೇ ಮತ್ತೆ ಪಾಲಿಶ್. ತೆಳು ಕೋಟು, ಎಂಟೋ ಒಂಬತ್ತೋ. ಮುಖ್ಯ ವಿಷ್ಯ, ಕಣ್ಣಿಗೆ ಕಾಣದ ಜಾಗಕ್ಕೂ ಹೊಡೀಬೇಕು: ಸೀಟಿನ ಅಡಿ, ಬೆನ್ನಿನ ಹಿಂದೆ, ಕಾಲಿನ ತಳ. ತೇವ ಒಳಗೆ ಹೋಗೋದು ಅಲ್ಲಿಂದಲೇ, ಎಲ್ಲರೂ ಬಿಡೋದೂ ಅದನ್ನೇ. ಕೊನೆಗೆ ಮೇಣ ತಿಕ್ಕಿದ್ದು, ಅದರ ಹದ ನನ್ನದೇ, ಆರು ಸಲ ಕೆಡಿಸಿಕೊಂಡು ಕಲ್ತಿದ್ದು, ಪುಕ್ಕಟೆ ಹೇಳೋ ಮನಸ್ಸಿಲ್ಲ.

ಬೆತ್ತ ಹೆಣೆಯೋರು ಸಿಗೋದೇ ಕಷ್ಟ. ಒಂಟಿ ಸೀಟಿಗೆ 2,200, ಉದ್ದದ್ದಕ್ಕೆ ಆರು ಸಾವಿರ. ಬೆನ್ನಿನ ಬೆತ್ತ ಗಟ್ಟಿ ಇತ್ತು, ಮುಟ್ಟಲಿಲ್ಲ. ಪ್ಲಾಸ್ಟಿಕ್ ವಯರ್ ಹಾಕಿಸಿ, ಅರ್ಧ ರೇಟು ಅಂತ ಎಲ್ಲರೂ ಹೇಳಿದ್ರು, ಬೇಸಿಗೆಲಿ ತೊಡೆಗೆ ಅಂಟುತ್ತೆ, ಬೇಡ. ಮಳೆಗಾಲದಲ್ಲಿ ಬೆತ್ತ ಸ್ವಲ್ಪ ಜೋತು ಬೀಳುತ್ತೆ, ಹೆಂಡತಿ "ನೋಡಿ, ಹೋಯ್ತು" ಅಂದ್ಲು. ಏನೂ ಹೋಗಿಲ್ಲ. ಬಿಸಿಲು ಬಂದ ಮೇಲೆ ಬಿಸಿನೀರಲ್ಲಿ ಅದ್ದಿದ ಬಟ್ಟೆಲಿ ಅಡಿಯಿಂದ ಒರೆಸಬೇಕು, ಮೇಲಿಂದ ಅಲ್ಲ, ಮೇಲಿನ ನುಣುಪು ಸಿಪ್ಪೆ ನೀರು ಕುಡಿಯಲ್ಲ. ಒಣಗಿದ ಮೇಲೆ ಬೆರಳಲ್ಲಿ ಮೀಟಿದ್ರೆ ತಮಟೆ ತರ ಟಂಕ್ ಅನ್ನುತ್ತೆ.

ಖರ್ಚು ನೆನಪಿದ್ದಷ್ಟು: ಸೋಫಾ 31, ಆಟೋ 1,800, ಆಚಾರ್ರಿಗೆ ದಿನಕ್ಕೆ ಸಾವಿರದ ಹಾಗೆ ಒಂಬತ್ತು ದಿನ, ಬೆತ್ತ ಹತ್ತೂವರೆ, ಎರಡನೇ ಪಾಲಿಶ್ ಮೂರೂವರೆ, ಕುಶನ್ ನಾಲ್ಕು. ಅರವತ್ತರ ಹತ್ರ ಬಂತು. ನೀರುಪಾಲಾದ ನಾಲ್ಕು ಸಾವಿರ ಇದರಲ್ಲಿ ಸೇರಿಸಿಲ್ಲ, ಮನೇಲಿ ಹೇಳಿಲ್ಲ ಕೂಡ. ಹೋದ ವರ್ಷ ಹೋಮ್‌ಸ್ಟೇ ಮಾಡೋರೊಬ್ಬರು ಬಂದು 90 ಕೊಡ್ತೀನಿ ಅಂದ್ರು. ಕಾಫಿ ಕುಡಿಸಿ ಕಳಿಸಿದೆ.

ಎತ್ತರ ಮಾತ್ರ ನಾನು ಅಳೀದೇ ತಂದಿದ್ದೆ. ಹಳೇ ಸೀಟು 15 ಇಂಚಿಗೇ ನಿಂತಿದೆ, ಅಪ್ಪಯ್ಯನಿಗೆ ಕೂತ್ರೆ ಏಳೋಕಾಗಲ್ಲ, 18 ಬೇಕು. ಕಾಲಿನ ಅಡಿಗೆ ಗುಬ್ಬಿ ಕೂರಿಸಿ ಎತ್ತರಿಸೋಣ ಅಂದ್ರು ಆಚಾರ್ರು, ಅಂದ ಕೆಡುತ್ತೆ ಅಂತ ನಾನು ಒಪ್ಪಲಿಲ್ಲ. ಮೂರಿಂಚಿನ 40 ಡೆನ್ಸಿಟಿ ಫೋಮ್ ಹಾಕಿಸಿದ್ರೆ ಅದೂ ವಾಸನೆ ಹಿಡೀತು, ಬೂರುಗದ ಹತ್ತಿ ತುಂಬಿಸಿದ್ರೆ ಎರಡು ತಿಂಗಳಿಗೆ ಗಂಟು ಗಂಟು. ಈಗ ತೆಂಗಿನ ನಾರಿನ ಹಲಗೆ ಕೆಳಗೆ, ಒಂದಿಂಚು ಹತ್ತಿ ಮೇಲೆ. ಅಪ್ಪಯ್ಯ ಅದರಲ್ಲೇ ಪೇಪರ್ ಓದ್ತಾರೆ, ಚುಚ್ಚುತ್ತೆ ಅಂತ ಬೈತಾ.