ಕುದುರೆ ಕ್ಲಬ್ಬಿನಲ್ಲಿ ಪಾಠ ಹೇಳುವವರು ಯಾರು? ನಿಯಮ ಬರೆಯುವ ಬಗೆ

ಚೆನ್ನಾಗಿ ಸವಾರಿ ಮಾಡುವವರಿಗೆ ಕಲಿಸುವುದೂ ಬರುತ್ತದೆ ಎಂಬ ನಂಬಿಕೆ ಲಾಯಗಳಲ್ಲಿ ಗಟ್ಟಿಯಾಗಿದೆ. ಕುದುರೆಯನ್ನು ಮೀಟರ್ ಎತ್ತರ ಹಾರಿಸುವ ಹುಡುಗ ರಜೆಗೆ ಬಂದನೆಂದರೆ ನಾಲ್ಕು ಮಕ್ಕಳನ್ನು ಅವನಿಗೆ ಒಪ್ಪಿಸಿ ಕೋಚ್ ಕಾಫಿಗೆ ಹೋಗುತ್ತಾರೆ. ಅವನು ಒಬ್ಬಳ ಹಿಮ್ಮಡಿ ತಿದ್ದುತ್ತಿರುವಾಗ ಹಿಂದಿನ ಕುದುರೆ ಮುಂದಿನದರ ಬಾಲಕ್ಕೆ ಮೂಗು ತಾಗಿಸುತ್ತದೆ, ಒದೆ ಬೀಳುತ್ತದೆ. ಮೂಳೆ ಮುರಿದ ಮೇಲೆ ‘ಅವನಿಗೆ ಪಾಠ ಮಾಡಲು ಹೇಳಿದ್ದು ಯಾರು’ ಎಂದು ಕೇಳಿದರೆ ಕ್ಲಬ್ಬಿನ ಕಡತದಲ್ಲಿ ಉತ್ತರವಿರುವುದಿಲ್ಲ.

ಇಂಗ್ಲೆಂಡಿನಲ್ಲಿ 1964ರ ಕಾಯ್ದೆಯಿಂದಲೇ ಸವಾರಿ ಶಾಲೆಗಳಿಗೆ ಸ್ಥಳೀಯ ಆಡಳಿತದ ಪರವಾನಗಿ ಬೇಕಾಯಿತು. ಇಂದು ಅದು 2018ರ ನಿಯಮಗಳಡಿ ಸಿಗುತ್ತದೆ. ನಮ್ಮಲ್ಲಿ ಯಾರು ಕಲಿಸಬೇಕೆಂದು ಬರೆದಿಡುವ ಕೆಲಸವನ್ನು ಕ್ಲಬ್ಬಿನ ಸಮಿತಿಯೇ ಮಾಡಿಕೊಳ್ಳಬೇಕು. ಒಂದು ಕಿವಿಮಾತು: ಕ್ಲಬ್ಬು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಣಿಯಾಗಿದ್ದರೆ ಇದನ್ನೆಲ್ಲ ಬೈಲಾದೊಳಗೆ ತುರುಕಬೇಡಿ. ಬೈಲಾ ತಿದ್ದಲು ಸರ್ವಸದಸ್ಯರ ಸಭೆ, ರಿಜಿಸ್ಟ್ರಾರ್ ಕಚೇರಿ ಎಲ್ಲವೂ ಬೇಕು. ‘ಪಾಠದ ಅನುಮತಿ ಸಮಿತಿ ರೂಪಿಸಿದ ನಿಯಮದಂತೆ’ ಎಂಬ ಒಂದು ಸಾಲು ಅಲ್ಲಿರಲಿ, ವಿವರ ಎರಡು ಪುಟದ ಬೇರೆ ಹಾಳೆಯಲ್ಲಿರಲಿ.

ಮೊದಲು ‘ಪಾಠ’ ಎಂದರೇನೆಂದು ಬರೆಯಿರಿ

ಅರ್ಧ ಜಗಳ ಹುಟ್ಟುವುದೇ ಇಲ್ಲಿ. ‘ನಾನು ಪಾಠ ಮಾಡಲಿಲ್ಲ, ಸುಮ್ಮನೆ ಹೇಳಿಕೊಟ್ಟೆ’ ಎನ್ನುತ್ತಾರೆ. ಆದ್ದರಿಂದ ವಾಕ್ಯ ಹೀಗಿರಲಿ: ‘ಕುದುರೆಯ ಮೇಲಿರುವವರಿಗೆ ಏನು ಮಾಡಬೇಕೆಂದು ಹೇಳುವುದೆಲ್ಲ ಪಾಠ, ಹಣ ಪಡೆದರೂ ಪಡೆಯದಿದ್ದರೂ.’ ಎರಡು ವಿನಾಯಿತಿ ಸಾಕು. ಅಪಾಯ ಕಂಡಾಗ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಕೂಗಬಹುದು. ಸೈಸ್, ಅಂದರೆ ಕುದುರೆ ನೋಡಿಕೊಳ್ಳುವ ಕೆಲಸಗಾರ, ಕುದುರೆ ಹಿಡಿದು ನಡೆಸುವಾಗ ಆಡುವ ಮಾತು ಪಾಠವಲ್ಲ. ಬೇಲಿಯಾಚೆ ನಿಂತು ‘ಲಗಾಮು ಎಳಿ ಪುಟ್ಟಾ’ ಎನ್ನುವ ಅಪ್ಪಂದಿರೂ ಈ ವ್ಯಾಖ್ಯೆಯೊಳಗೆ ಸಿಕ್ಕಿಬೀಳುತ್ತಾರೆ, ಬೀಳಲಿ. ಕೋಚ್ ‘ಬಿಡು’ ಅಂದಾಗಲೇ ಅಪ್ಪ ‘ಎಳಿ’ ಅಂದರೆ ಮಗು ಎರಡನ್ನೂ ಅರ್ಧರ್ಧ ಮಾಡುತ್ತದೆ. ಕುದುರೆ ತಲೆ ಎತ್ತಿ ಹಿಂದಕ್ಕೆ ಸರಿಯುತ್ತದೆ.

ಆಮೇಲೆ ಮೆಟ್ಟಿಲುಗಳು

‘ತರಬೇತುದಾರ’ ಎಂಬ ಒಂದೇ ಹೆಸರಿನಡಿ ಎಲ್ಲರನ್ನೂ ಹಾಕಬೇಡಿ. ಅನುಮತಿ ಪತ್ರದಲ್ಲಿ ಯಾವ ಕೆಲಸ, ಎಷ್ಟು ಜನಕ್ಕೆ, ಎಲ್ಲಿ ಎಂಬ ಮೂರೂ ಇರಬೇಕು.

ಕೆಳಗಿನ ಮೆಟ್ಟಿಲು ಹಗ್ಗ ಹಿಡಿದು ನಡೆಸುವ ಸಹಾಯಕರದು: 16 ವರ್ಷ ತುಂಬಿರಬೇಕು, ನಡಿಗೆ ಮಾತ್ರ, ಪಾಠವಿಲ್ಲ. ಅದರ ಮೇಲೆ ಸಹಾಯಕ ಕೋಚ್: ನಡಿಗೆ ಮತ್ತು ಟ್ರಾಟ್ (ನಿಧಾನದ ಓಟ), ಹೆಚ್ಚೆಂದರೆ ಮೂವರು ಸವಾರರು, ಹಿರಿಯ ಕೋಚ್ ಕಣ್ಣಳತೆಯಲ್ಲಿರಬೇಕು. ‘ಕ್ಲಬ್ಬಿನಲ್ಲೇ ಎಲ್ಲೋ ಇದ್ದಾರೆ’ ಎಂಬುದು ನಡೆಯದು. ಮೂರನೆಯದು ಕೋಚ್: 20x40 ಮೀಟರ್ ಅರೇನಾದಲ್ಲಿ (ಸವಾರಿಯ ಅಂಗಳದಲ್ಲಿ) ಒಬ್ಬರೇ ಆರು ಜನರವರೆಗೆ, ಕ್ಯಾಂಟರ್ (ಟ್ರಾಟ್‌ಗಿಂತ ವೇಗದ ಓಟ), ನೆಲದ ಮೇಲಿಟ್ಟ ಕಂಬಗಳು. ಜಂಪಿಂಗ್, ಹೊಸ ಕುದುರೆ, ಸಹಾಯಕರ ತರಬೇತಿ ಹಿರಿಯ ಕೋಚ್‌ಗೆ ಮೀಸಲು.

ಲಂಜಿಂಗ್‌ಗೆ, ಅಂದರೆ ಉದ್ದ ಹಗ್ಗದಲ್ಲಿ ಕುದುರೆಯನ್ನು ಸುತ್ತಿಸುತ್ತ ಸವಾರನಿಗೆ ಕಲಿಸುವುದಕ್ಕೆ, ಬೇರೆಯೇ ಅನುಮತಿ ಇಡಿ. ನೋಡಲು ಸುಲಭ, ಮಾಡಲು ಕಷ್ಟ: ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಚಾವಟಿ, ಕಣ್ಣು ಸವಾರನ ಮೇಲೆ. ಹಗ್ಗವನ್ನು ಅಂಗೈಗೆ ಸುತ್ತಿಕೊಂಡವರು ಕುದುರೆ ಬೆದರಿ ಓಡಿದರೆ ಬೆರಳು ಕಳೆದುಕೊಳ್ಳುತ್ತಾರೆ. ಮಡಚಿ ಹಿಡಿಯಬೇಕು, ಕೈಗವಸು ಕಡ್ಡಾಯ. ಸುತ್ತು 15ರಿಂದ 20 ಮೀಟರ್ ವ್ಯಾಸದ್ದಿರಲಿ. ಚಿಕ್ಕ ಸುತ್ತಿನಲ್ಲಿ ಕುದುರೆ ವಾಲಿಕೊಂಡು ಕಾಲಿನ ಕೀಲು ಸವೆಸಿಕೊಳ್ಳುತ್ತದೆ. ಎರಡೂ ದಿಕ್ಕು ಸೇರಿ 30 ನಿಮಿಷ ದಾಟಬಾರದು.

ಯಾವ ಪ್ರಮಾಣಪತ್ರಕ್ಕೆ ಎಷ್ಟು ಬೆಲೆ

ಅಂತರರಾಷ್ಟ್ರೀಯ ಕುದುರೆ ಸವಾರಿ ಸಂಸ್ಥೆ ಎಫ್‌ಇಐನ ಕೋಚಿಂಗ್ ಪದ್ಧತಿಯಲ್ಲಿ ಮೂರು ಹಂತಗಳಿವೆ. ಬ್ರಿಟಿಷ್ ಹಾರ್ಸ್ ಸೊಸೈಟಿಯ ಪರೀಕ್ಷೆಗಳಲ್ಲಿ ಸವಾರಿ, ಕುದುರೆಯ ಆರೈಕೆ, ಕಲಿಸುವಿಕೆ ಬೇರೆ ಬೇರೆ. ತಂದಿರುವುದು ಯಾವುದರ ಪತ್ರ ಎಂದು ಓದಿ ನೋಡಿ. ಸೇನೆಯಿಂದ ಬಂದ ಉಸ್ತಾದರು ನಮ್ಮ ಕ್ಲಬ್ಬುಗಳ ಬೆನ್ನೆಲುಬು. ಸೇನೆಯ ಕುದುರೆ ದಳವಾದ 61ನೇ ಕ್ಯಾವಲ್ರಿಯಲ್ಲೋ ಸೇನೆಯ ಪ್ರಾಣಿಗಳನ್ನು ನೋಡಿಕೊಳ್ಳುವ ಆರ್‌ವಿಸಿ ದಳದ ಮೀರತ್ ಕೇಂದ್ರದಲ್ಲೋ ಪಳಗಿದವರಿಗೆ ಕುದುರೆಯ ಜ್ಞಾನದಲ್ಲಿ ಪರೀಕ್ಷೆ ಬೇಕಿಲ್ಲ. ಆದರೆ ಇಪ್ಪತ್ತು ವರ್ಷದ ಜವಾನನಿಗೆ ಕಲಿಸಿದ ರೀತಿ ಎಂಟು ವರ್ಷದ ಹುಡುಗಿಗೆ ಹಿಡಿಸುವುದಿಲ್ಲ. ಉಸ್ತಾದರು ‘ದುಲ್ಕಿ’ ಎಂದರೆ ಟ್ರಾಟ್ ಎಂದು ಕನ್ನಡದ ಮಗುವಿಗೆ ಗೊತ್ತಿರದು. ಆಜ್ಞೆಯ ಎಂಟು ಹತ್ತು ಪದಗಳನ್ನು ಒಪ್ಪಿಕೊಂಡು ಅರೇನಾದ ಬಾಗಿಲಲ್ಲಿ ಬರೆದು ತೂಗುಹಾಕಿ. ಎನ್‌ಸಿಸಿಯಲ್ಲಿ ಕುದುರೆ ಸವಾರಿ ಕಲಿಸುವ ಆರ್ ಅಂಡ್ ವಿ (ರಿಮೌಂಟ್ ಅಂಡ್ ವೆಟರ್ನರಿ) ಘಟಕದ ‘ಸಿ’ ಸರ್ಟಿಫಿಕೇಟ್ ಇದ್ದವರನ್ನು ಸಹಾಯಕ ಕೋಚ್ ಆಗಿ ಪರೀಕ್ಷಿಸಬಹುದು, ನೇರವಾಗಿ ಕೋಚ್ ಮಾಡಬಾರದು. ಪದಕ ಗೆದ್ದವರಿಗೂ ಮುಂದಿನ ಪರೀಕ್ಷೆ ಬೇಕೇ ಬೇಕು.

ಅರ್ಧ ಗಂಟೆಯ ಪರೀಕ್ಷೆ

ಕ್ಲಬ್ಬಿಗೆ ಪರಿಚಯವಿರುವ ಮೂವರು ಸವಾರರನ್ನು ಕೊಡಿ, ಒಂದು ಸೋಮಾರಿ ಕುದುರೆ, ಒಂದು ಅವಸರದ್ದು ಇರಲಿ. ಪರೀಕ್ಷಕರು ಬಾಯಿ ಮುಚ್ಚಿಕೊಂಡು ನೋಡಬೇಕು.

ಹತ್ತುವ ಮೊದಲು ಅಭ್ಯರ್ಥಿ ಗರ್ತ್‌ನಡಿ, ಅಂದರೆ ಜೀನನ್ನು ಹೊಟ್ಟೆಗೆ ಬಿಗಿಯುವ ಪಟ್ಟಿಯಡಿ, ತನ್ನ ಬೆರಳು ತೂರಿಸಿ ನೋಡಿದರೇ, ಅಥವಾ ‘ಬಿಗಿದಿದ್ದೀಯಾ’ ಎಂದು ಸೈಸ್‌ನನ್ನು ಕೇಳಿ ಸುಮ್ಮನಾದರೇ? ಬಿಗಿಯುವಾಗ ಹೊಟ್ಟೆ ಉಬ್ಬಿಸಿಕೊಳ್ಳುವ ಕುದುರೆಗಳಿವೆ. ಹತ್ತಿದ ಮೇಲೆ ಒಮ್ಮೆ, ಹತ್ತು ನಿಮಿಷ ನಡೆದ ಮೇಲೆ ಇನ್ನೊಮ್ಮೆ ನೋಡದಿದ್ದರೆ ಜೀನು ಪಕ್ಕಕ್ಕೆ ಜಾರುತ್ತದೆ. ರಿಕಾಪಿನೊಳಗೆ (ಪಾದ ಇಡುವ ಬಳೆಯೊಳಗೆ) ಬೂಟಿನ ಎರಡೂ ಬದಿ ಒಂದೊಂದು ಸೆಂಟಿಮೀಟರ್ ಜಾಗ ಇದೆಯೇ ಎಂದು ಬಗ್ಗಿ ನೋಡಿದವರಿಗೆ ಅಂಕ ಕೊಡಿ. ಬಿಗಿಯಾದರೆ ಬಿದ್ದಾಗ ಪಾದ ಸಿಕ್ಕಿಕೊಳ್ಳುತ್ತದೆ, ಸಡಿಲವಾದರೆ ಪಾದವೇ ಒಳಗೆ ತೂರುತ್ತದೆ. ಹಿಮ್ಮಡಿಯಿಲ್ಲದ ಕ್ಯಾನ್ವಾಸ್ ಶೂ ಹಾಕಿದವರನ್ನು ಹತ್ತಿಸಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಬೈಕ್ ಹೆಲ್ಮೆಟ್ ಹಾಕಿದವರನ್ನು ಹತ್ತಿಸಿದರೂ ಅಷ್ಟೇ.

ಪಾಠ ಶುರುವಾದ ಮೇಲೆ ನಿಲ್ಲುವ ಜಾಗ ಗಮನಿಸಿ. ಅರೇನಾದ ನಟ್ಟನಡುವೆ ನಿಂತರೆ ಯಾವಾಗಲೂ ಯಾರೋ ಒಬ್ಬರು ಬೆನ್ನ ಹಿಂದಿರುತ್ತಾರೆ. ಅನುಭವಿಗಳು ಮೂಲೆಯತ್ತ ಸರಿದು ಎಲ್ಲರನ್ನೂ ಒಂದೇ ನೋಟಕ್ಕೆ ಹಿಡಿಯುತ್ತಾರೆ. ನಡುವೆ, ಮೊದಲೇ ಹೇಳಿಟ್ಟಂತೆ, ಒಬ್ಬ ಸವಾರ ಟ್ರಾಟ್‌ನಲ್ಲಿ ರಿಕಾಪು ಬಿಡಲಿ. ಒಳ್ಳೆಯ ಅಭ್ಯರ್ಥಿ ಇಡೀ ಸಾಲನ್ನು ಮೊದಲು ನಡಿಗೆಗೆ ತರುತ್ತಾರೆ. ಹೆದರುವವರು ಕೂಗುತ್ತಾ ಕುದುರೆಯತ್ತ ಓಡಿ ಅದನ್ನು ಇನ್ನಷ್ಟು ಬೆದರಿಸುತ್ತಾರೆ. ಕೊನೆಗೆ ‘ಒಬ್ಬರು ಬಿದ್ದರು, ಕುದುರೆ ಓಡಿತು, ಈಗ?’ ಎಂದು ಕೇಳಿ. ಎಲ್ಲರನ್ನೂ ನಿಲ್ಲಿಸುವುದು, ಬಿದ್ದವರ ಬಳಿ ಹೋಗುವುದು, ಕತ್ತು ಅಲುಗಿಸದಿರುವುದು, ಹೆಲ್ಮೆಟ್ ತೆಗೆಯದಿರುವುದು, ಆಮೇಲೆ ಕುದುರೆ. ಪ್ರಜ್ಞೆ ತಪ್ಪಿದವರನ್ನು, ವಾಂತಿ ಮಾಡಿದವರನ್ನು ಅಂದು ಮತ್ತೆ ಹತ್ತಿಸುವುದಿಲ್ಲ ಎಂದು ಸ್ವತಃ ಹೇಳದವರಿಗೆ ಅನುಮತಿ ಬೇಡ.

ಹೊರಗಿನವರು, ಮಕ್ಕಳು, ವಿಮೆ

ಕುದುರೆಯ ಒಡೆಯರು ಹೊರಗಿನ ಕೋಚ್ ಕರೆಸುವುದು ಸಾಮಾನ್ಯ. ಬೇಡ ಎಂದರೆ ಕದ್ದು ಕರೆಸುತ್ತಾರೆ. ಏಳು ದಿನ ಮುಂಚೆ ಹೆಸರು, ಪ್ರಮಾಣಪತ್ರದ ಪ್ರತಿ, ಸ್ವಂತ ವಿಮೆಯ ಪತ್ರ ಕೊಡಲಿ. ಒಡೆಯರ ಸ್ವಂತ ಕುದುರೆಗೆ ಮಾತ್ರ ಪಾಠ, ಕ್ಲಬ್ಬಿನ ಕುದುರೆಗೆ ಅಲ್ಲ. ಕ್ಲಬ್ಬಿನ ವಿಮಾ ಕಂಪನಿಗೆ ಅನುಮತಿ ಪಡೆದವರ ಪಟ್ಟಿ ಲಿಖಿತವಾಗಿ ಹೋಗಬೇಕು. ಸವಾರರಿಂದ ಮುಚ್ಚಳಿಕೆ ಬರೆಸಿಕೊಂಡ ಮಾತ್ರಕ್ಕೆ ನಿರ್ಲಕ್ಷ್ಯದ ಹೊಣೆ ಕಳಚಿಹೋಗುವುದಿಲ್ಲ.

ಮಕ್ಕಳಿಗೆ ಕಲಿಸುವ ಎಲ್ಲರಿಗೂ ಪೊಲೀಸ್ ಪರಿಶೀಲನೆ ಆಗಲಿ, ಉಸ್ತಾದರಿಗೂ ಅಧ್ಯಕ್ಷರ ಮಗಳಿಗೂ. ಕಾಲು ತಿದ್ದುವಾಗ ‘ಮೊಣಕಾಲು ಮುಟ್ಟುತ್ತೇನೆ’ ಎಂದು ಹೇಳಿ ಮುಟ್ಟುವುದು ನಿಯಮವಾಗಲಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಪ್ರಕಾರ ಅಂಥ ಅಪರಾಧದ ಸುಳಿವು ಸಿಕ್ಕವರು ಪೊಲೀಸರಿಗೆ ತಿಳಿಸಲೇಬೇಕು; ಸಮಿತಿಯಲ್ಲೇ ‘ಮಾತಾಡಿ ಮುಗಿಸುವ’ ದಾರಿ ಇಲ್ಲ. ಕುದುರೆಯ ಪರವಾಗಿಯೂ ಒಂದು ಸಾಲು ಬರೆಯಿರಿ: ಗಾಯ, ಕುಂಟು ಇರುವ ಕುದುರೆಯನ್ನು ಪಾಠಕ್ಕೆ ಇಳಿಸುವುದು, ಹೊಡೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ಅನುಮತಿಯ ಅವಧಿ ಒಂದು ವರ್ಷ. ಪ್ರಥಮ ಚಿಕಿತ್ಸೆ ತರಬೇತಿಯ ಅವಧಿ ಮುಗಿದ ದಿನವೇ ಅದೂ ಮುಗಿಯುತ್ತದೆ. ಪಾಠ ನಡೆಯುತ್ತಿರುವಾಗ ತಡೆಯುವ ಅಧಿಕಾರ ಒಬ್ಬರಿಗೇ, ಅಂದಿನ ಹಿರಿಯ ಕೋಚ್‌ಗೆ ಇರಲಿ, ಅಧ್ಯಕ್ಷರಿಗೂ ಬೇಡ. ತಡೆದರೆ 24 ಗಂಟೆಯೊಳಗೆ ಕಾರಣ ಬರೆದುಕೊಡಬೇಕು.

ಈ ಹಾಳೆಯ ನಿಯಮ ಮುರಿಯುವುದು ಭಾನುವಾರ ಬೆಳಿಗ್ಗೆ. ಕೋಚ್‌ಗೆ ಜ್ವರ, ಮಕ್ಕಳು ಹೆಲ್ಮೆಟ್ ಹಾಕಿ ನಿಂತಿದ್ದಾರೆ, ಪೋಷಕರು ಮುಂಗಡ ಕೊಟ್ಟಿದ್ದಾರೆ. ‘ಇವತ್ತೊಂದು ದಿನ ಅವನೇ ಮಾಡಲಿ’ ಎಂಬ ಮಾತು ಆಗಲೇ ಬರುತ್ತದೆ. ಅದಕ್ಕೆ ಉತ್ತರವನ್ನೂ ಈಗಲೇ ಬರೆದಿಡಿ: ಅನುಮತಿ ಇದ್ದವರು ಸಿಗದಿದ್ದರೆ ಯಾರೂ ಕುದುರೆ ಹತ್ತುವಂತಿಲ್ಲ, ಆ ಹೊತ್ತಿನಲ್ಲಿ ಸೈಸ್ ಮುಂದೆ ನಿಂತು ಮಕ್ಕಳಿಂದ ಕುದುರೆಯ ಮೈ ಉಜ್ಜಿಸಿ, ಗೊರಸು ಸ್ವಚ್ಛ ಮಾಡುವುದನ್ನು ತೋರಿಸಬೇಕು, ಪಾಠದ ಶುಲ್ಕ ಮುಂದಿನ ವಾರಕ್ಕೆ ಜಮೆ.