‘ಇವತ್ತೇ ದುಡ್ಡು ಕಳಿಸು’ ಅಂದರೆ ಏನು ಮಾಡಬೇಕು

ಮದುವೆ ಆ್ಯಪ್‌ನಲ್ಲೋ ಫೇಸ್‌ಬುಕ್‌ನಲ್ಲೋ ಪರಿಚಯವಾದ ಮೋಸಗಾರ ಮೊದಲ ದಿನವೇ ದುಡ್ಡು ಕೇಳುವುದಿಲ್ಲ. ತಿಂಗಳುಗಟ್ಟಲೆ ಊಟ ಆಯ್ತಾ, ಅಮ್ಮನ ಮಂಡಿನೋವು ಹೇಗಿದೆ ಅಂತ ವಿಚಾರಿಸುತ್ತಾನೆ, ಮನೆಯವರಿಗಿಂತ ಜಾಸ್ತಿ. ಆಮೇಲೆ ಒಂದು ದಿನ ಇದ್ದಕ್ಕಿದ್ದಂತೆ ಏನೋ ಅನಾಹುತ ಆಗುತ್ತದೆ.

ಪಾರ್ಸೆಲ್ ಕಥೆಯನ್ನೇ ನೋಡಿ. ಮೈಸೂರಿನ ಕುವೆಂಪುನಗರದ ಒಬ್ಬ ರಿಟೈರ್ಡ್ ಟೀಚರ್‌ಗೆ ‘ಲಂಡನ್ ಡಾಕ್ಟರ್’ ಒಬ್ಬ ಒಡವೆ, ಐಫೋನ್, ಪೌಂಡ್ ನೋಟು ಇರುವ ಪೆಟ್ಟಿಗೆ ಕಳಿಸಿದ ಅಂದುಕೊಳ್ಳಿ. ಎರಡು ದಿನಕ್ಕೆ ‘ದೆಹಲಿ ಕಸ್ಟಮ್ಸ್’ನಿಂದ ಫೋನ್: 38 ಸಾವಿರ ಕಟ್ಟಿ ಬಿಡಿಸಿಕೊಳ್ಳಿ ಮೇಡಂ. ಕಟ್ಟಿದರೆ ಮುಗಿಯಲಿಲ್ಲ. ಸ್ಕ್ಯಾನಿಂಗ್‌ನಲ್ಲಿ ನೋಟು ಕಾಣಿಸಿತು, ಇನ್ನೊಂದು ಸರ್ಟಿಫಿಕೇಟ್‌ಗೆ 1 ಲಕ್ಷ 20 ಸಾವಿರ ಬೇಕು, ಇಲ್ಲದಿದ್ದರೆ ನಿಮ್ಮ ಮೇಲೇ ಕೇಸು ಅಂತ ಹೆದರಿಸುತ್ತಾರೆ. ಅದೇ ಹೊತ್ತಿಗೆ ಡಾಕ್ಟರ್ ವಾಟ್ಸಾಪ್‌ನಲ್ಲಿ ಅಳುತ್ತಿರುತ್ತಾನೆ. ಒಂದು ಕಡೆ ಪ್ರೀತಿ, ಇನ್ನೊಂದು ಕಡೆ ಪೊಲೀಸ್ ಭಯ. ಓದಿದವರೂ ಇಲ್ಲೇ ಬೀಳುತ್ತಾರೆ.

ಉಳಿದವೂ ಇದೇ ಜಾತಿಯವು. ಆಕ್ಸಿಡೆಂಟ್ ಆಗಿ ಆಪರೇಷನ್‌ಗೆ ದುಡ್ಡಿಲ್ಲ. ಡಾಲರ್ ಜೊತೆ ಏರ್‌ಪೋರ್ಟ್‌ನಲ್ಲಿ ಹಿಡಿದುಕೊಂಡಿದ್ದಾರೆ. ಅಮೆರಿಕದ ಸೈನಿಕನಿಗೆ ರಜೆ ಸಿಗಬೇಕಾದರೆ ನೀವು ಫೀಸು ಕಟ್ಟಬೇಕಂತೆ! ಯಾವ ಸೇನೆಯಲ್ಲೂ ಹಾಗಿಲ್ಲ. ವಿದೇಶದಿಂದ ಬರುವವರ ಕೈಯಲ್ಲಿ 5,000 ಡಾಲರ್‌ಗಿಂತ ಜಾಸ್ತಿ ನೋಟು ಇದ್ದರೆ ಒಂದು ಫಾರಂ ತುಂಬಿ ಘೋಷಿಸಬೇಕು, ಅದು ನಿಜ. ಅದಕ್ಕೆ ಮೈಸೂರಲ್ಲಿ ಕೂತ ನೀವು ಯಾರದೋ ಅಕೌಂಟಿಗೆ ದುಡ್ಡು ಹಾಕುವ ಮಾತೇ ಇಲ್ಲ.

ಇಷ್ಟೊಂದು ಆತುರ ಯಾಕೆ ಗೊತ್ತಾ? ನೀವು ಇನ್ನೊಬ್ಬರನ್ನು ಕೇಳಬಾರದು, ಅಷ್ಟೇ. ಹಾಗಾಗಿ ಬೇಕಂತಲೇ ಒಂದು ರಾತ್ರಿ ತಡ ಮಾಡಿ. ‘ಬೆಳಿಗ್ಗೆ ಅಣ್ಣನ ಜೊತೆ ಬ್ಯಾಂಕಿಗೆ ಹೋಗಿ ಕಳಿಸುತ್ತೇನೆ’ ಅಂತ ಒಂದು ಮೆಸೇಜ್ ಹಾಕಿ ಸುಮ್ನೆ ನೋಡಿ. ‘ನನ್ನ ಮೇಲೆ ನಂಬಿಕೆ ಇಲ್ವಾ’, ‘ಅಣ್ಣನಿಗೆ ಯಾಕೆ ಹೇಳ್ತೀಯ’ ಅಂತ ಸಿಟ್ಟು ಬಂದರೆ ಅಲ್ಲಿಗೆ ಉತ್ತರ ಸಿಕ್ಕಿತು.

ಅಷ್ಟರಲ್ಲಿ ಅಕೌಂಟ್ ಯಾರ ಹೆಸರಲ್ಲಿದೆ ನೋಡಿ. ಕಸ್ಟಮ್ಸ್ ಇಲಾಖೆ ಯಾವುದೋ ವ್ಯಕ್ತಿಯ ಯುಪಿಐಗೆ ದುಡ್ಡು ಹಾಕಿಸಿಕೊಳ್ಳುವುದಿಲ್ಲ, ಅದರ ಪತ್ರದಲ್ಲಿ ಡಿಐಎನ್ ಅನ್ನುವ ಗುರುತಿನ ನಂಬರ್ ಇರುತ್ತದೆ, ಕಸ್ಟಮ್ಸ್ ನೋಡಿಕೊಳ್ಳುವ ಕೇಂದ್ರ ಮಂಡಳಿಯಾದ ಸಿಬಿಐಸಿ ವೆಬ್‌ಸೈಟಿನಲ್ಲಿ ಅದನ್ನು ಹಾಕಿ ಪರೀಕ್ಷಿಸಬಹುದು. ಆಸ್ಪತ್ರೆ ಅಂದರೆ ಅವನು ಕೊಟ್ಟ ನಂಬರ್ ಬಿಟ್ಟು ನೀವೇ ಹುಡುಕಿದ ನಂಬರಿಗೆ ಫೋನ್ ಮಾಡಿ. ಅವನ ಫೋಟೋವನ್ನು ಗೂಗಲ್ ಲೆನ್ಸ್‌ಗೆ ಹಾಕಿ, ಬೇರೆ ಯಾರದೋ ಫೋಟೋ ಕದ್ದಿದ್ದಾನಾ ನೋಡಿ. ವಿಡಿಯೊ ಕಾಲ್‌ನಲ್ಲಿ ಮುಖ ಕಂಡಿತು ಅಂತ ನಂಬಬೇಡಿ, ಈಗ ಮುಖವನ್ನೂ ಬದಲಾಯಿಸುತ್ತಾರೆ. ಒಡವೆ ಅಡ ಇಡುವುದಕ್ಕೆ, ಚೀಟಿ ಎತ್ತುವುದಕ್ಕೆ ಮುಂಚೆ ಒಬ್ಬರಿಗಾದರೂ ಹೇಳಿ.

ಮನೆಯವರಿಗೂ ಒಂದು ಮಾತು. ‘ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ’ ಅಂದರೆ ಮೋಸಹೋದವರು ಮುಚ್ಚಿಡುತ್ತಾರೆ, ಹೋದದ್ದನ್ನು ವಾಪಸ್ ತರುವ ಆಸೆಯಲ್ಲಿ ಇನ್ನಷ್ಟು ಕಳಿಸುತ್ತಾರೆ. ಬೈಯುವುದು ಇದ್ದರೆ ಆಮೇಲೆ ಬೈಯಿರಿ.

ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಆ ದುಡ್ಡು ಗಂಟೆಗಳಲ್ಲೇ ಅಕೌಂಟಿನಿಂದ ಅಕೌಂಟಿಗೆ ಹೋಗುತ್ತಿರುತ್ತದೆ, ಎಲ್ಲಾದರೂ ಉಳಿದಿದ್ದರೆ ಬ್ಯಾಂಕ್ ತಡೆಹಿಡಿಯಬಹುದು. ದುಡ್ಡು ಕಳಿಸಿದಾಗ ಬರುವ ಯುಟಿಆರ್ ನಂಬರ್ (ಆ ವ್ಯವಹಾರದ ಗುರುತಿನ ಸಂಖ್ಯೆ) ಕೈಯಲ್ಲಿರಲಿ. ಆಮೇಲೆ ರಾಷ್ಟ್ರೀಯ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ, ಮೈಸೂರಾಗಲಿ ಮಂಡ್ಯವಾಗಲಿ ಸೈಬರ್ ಕೇಸು ನೋಡಿಕೊಳ್ಳುವ ಅಲ್ಲಿನ ಸೆನ್ (CEN) ಪೊಲೀಸ್ ಠಾಣೆಗೆ ಹೋಗಿ. ನಾಚಿಕೆಗೆ ಚಾಟ್ ಡಿಲೀಟ್ ಮಾಡಿಬಿಡಬೇಡಿ, ಸಾಕ್ಷಿ ಅದೇ.

ದೂರು ಕೊಟ್ಟ ಮೇಲೆ ‘ನಿಮ್ಮ ದುಡ್ಡು ವಾಪಸ್ ಕೊಡಿಸುತ್ತೇವೆ, ಮೊದಲು 5 ಸಾವಿರ ಫೀಸು ಕಟ್ಟಿ’ ಅಂತ ಫೋನ್ ಬರಬಹುದು. ಅದೂ ಅವರ ಗ್ಯಾಂಗೇ ಇರಬಹುದು, ಕಟ್ಟಬೇಡಿ, ಆ ನಂಬರನ್ನೂ ಠಾಣೆಗೆ ಕೊಡಿ.